ಬ್ರೌಸರ್ ಸಿಂಕ್: ಪೂರ್ತಿ ಆನ್, ಆರಿಸಿ ಆನ್, ಇಲ್ಲಾ ಆಫ್ – ನಿಮಗೆ ಯಾವುದು ಸರಿ?

ದಾವಣಗೆರೆಯಲ್ಲಿ ಒಬ್ಬರಿಗೊಂದು ಕಂಪ್ಯೂಟರ್ ಇರುವ ಮನೆ ಕಡಿಮೆ. ವಿದ್ಯಾನಗರದ ಮನೆಯಲ್ಲಿ ಅಪ್ಪನ ಜಿಎಸ್‌ಟಿ, ಅಮ್ಮನ ಶಾಲೆಯ ಕೆಲಸ, ಮಗಳ ವಿಟಿಯು ರಿಸಲ್ಟು ಎಲ್ಲಾ ಒಂದೇ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತವೆ. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಬೆಳಿಗ್ಗೆ ಗುಮಾಸ್ತ ಕೂತ ಕುರ್ಚಿಯಲ್ಲಿ ಸಂಜೆ ಯಜಮಾನರು ಕೂರುತ್ತಾರೆ. ಮೊಬೈಲ್ ಮಾತ್ರ ಎಲ್ಲರದ್ದೂ ಬೇರೆ ಬೇರೆ.

ಸಿಂಕ್ ಅನ್ನುವ ಸೌಲಭ್ಯ ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಒಬ್ಬ ಮನುಷ್ಯ, ಮೂರು ಯಂತ್ರ. ನಮ್ಮಲ್ಲಿ ಬಹಳ ಕಡೆ ಲೆಕ್ಕ ಉಲ್ಟಾ: ಒಂದು ಯಂತ್ರ, ಮೂರು ಜನ. ಹಾಗಾಗಿ ಕ್ರೋಮ್ ಒಳ್ಳೇದಾ, ಫೈರ್‌ಫಾಕ್ಸ್ ಒಳ್ಳೇದಾ ಅಂತ ಕೇಳುವ ಮೊದಲು, ಈ ಯಂತ್ರದ ಮುಂದೆ ನನ್ನನ್ನು ಬಿಟ್ಟು ಇನ್ಯಾರು ಕೂರುತ್ತಾರೆ ಅಂತ ಕೇಳಿಕೊಳ್ಳಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಸಿಂಕ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬ್ರೌಸರ್‌ನಲ್ಲಿ ನೀವು ಸೇರಿಸಿಟ್ಟ ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿ, ತೆರೆದಿಟ್ಟ ಟ್ಯಾಬ್, ವಿಳಾಸ, ಎಕ್ಸ್‌ಟೆನ್ಷನ್ (ಬ್ರೌಸರಿಗೆ ಹಾಕಿಕೊಳ್ಳುವ ಸಣ್ಣ ಆಪ್), ಸೆಟ್ಟಿಂಗ್ಸ್ – ಇಷ್ಟನ್ನು ಕಂಪನಿಯ ಸರ್ವರ್‌ಗೆ ಕಳಿಸಿ, ಅದೇ ಖಾತೆಯಿರುವ ಬೇರೆ ಯಂತ್ರಗಳಿಗೂ ತಲುಪಿಸುವುದೇ ಸಿಂಕ್. ಡೌನ್‌ಲೋಡ್ ಮಾಡಿದ ಫೈಲ್ ಇದರಲ್ಲಿ ಸೇರುವುದಿಲ್ಲ. ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಪಹಣಿ ಮೊಬೈಲಿನಲ್ಲಿ ಯಾಕೆ ಕಾಣುತ್ತಿಲ್ಲ ಅಂತ ಕೇಳುವವರು ಬಹಳ ಜನ. ಕಾಣುವುದಿಲ್ಲ, ಅದಕ್ಕೆ ಡ್ರೈವ್ ಬೇಕು, ಇಲ್ಲವೇ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಕು. ಲಾಗಿನ್ ಆಗಿರುವ ಸ್ಥಿತಿಯೂ ಹಾಗೇ. ಕಂಪ್ಯೂಟರಿನಲ್ಲಿ ಬ್ಯಾಂಕ್ ತೆರೆದಿದ್ದರೆ ಮೊಬೈಲಿನಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ. ಇನ್‌ಕಾಗ್ನಿಟೋದಲ್ಲಿ ನೋಡಿದ್ದರ ಹಿಸ್ಟರಿಯೂ ಹೋಗುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಎರಡು ಮನೆಗೆ ಒಂದೇ ಟ್ಯಾಂಕಿನಿಂದ ನೀರು ಬಂದ ಹಾಗೆ, ಅಲ್ಲಿ ಖಾಲಿ ಮಾಡಿದರೆ ಇಲ್ಲೂ ಖಾಲಿ. ಮೊಬೈಲಿನಲ್ಲಿ ಮಗು ಬುಕ್‌ಮಾರ್ಕ್ ಫೋಲ್ಡರ್ ಅಳಿಸಿದರೆ ಕಂಪ್ಯೂಟರಿನಲ್ಲೂ ಅಳಿಯುತ್ತದೆ. ಸಿಂಕನ್ನು ಬ್ಯಾಕಪ್ ಅಂತ ನಂಬಬೇಡಿ ಅಂತ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರೇ ತಮ್ಮ ಸಹಾಯ ಪುಟದಲ್ಲಿ ಬರೆದಿದ್ದಾರೆ. ಬುಕ್‌ಮಾರ್ಕ್ ಉಳಿಯಬೇಕೆಂದರೆ ಆಗಾಗ ಎಕ್ಸ್‌ಪೋರ್ಟ್ ಮಾಡಿ ಎಚ್‌ಟಿಎಂಎಲ್ ಫೈಲಾಗಿ ಇಟ್ಟುಕೊಳ್ಳಿ. ಪಾಸ್‌ವರ್ಡನ್ನೂ ಹೀಗೆ ಎಕ್ಸ್‌ಪೋರ್ಟ್ ಮಾಡಬಹುದು, ಆದರೆ ಬರುವ ಸಿಎಸ್‌ವಿ ಫೈಲಿನಲ್ಲಿ ಎಲ್ಲಾ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ಓದಲು ಸಿಗುತ್ತದೆ. ಡೆಸ್ಕ್‌ಟಾಪ್ ಮೇಲೆ ಅದನ್ನು ಬಿಟ್ಟು ಎದ್ದು ಹೋದರೆ ಮುಗೀತು.

ಮೂರು ದಾರಿ

ಎಲ್ಲವನ್ನೂ ಸಿಂಕ್ ಮಾಡುವುದು ಮೊದಲನೇ ದಾರಿ. ಲ್ಯಾಪ್‌ಟಾಪ್ ನಿಮ್ಮದೊಬ್ಬರದ್ದೇ, ಮೊಬೈಲೂ ನಿಮ್ಮದೇ, ಎರಡಕ್ಕೂ ಲಾಕ್ ಇದೆ ಅನ್ನುವವರಿಗೆ ಇದು ಆರಾಮ. ಹೊಸ ಫೋನ್ ಬಂದ ದಿನ ಪಾಸ್‌ವರ್ಡ್ ಹುಡುಕುವ ಗೋಳು ಇಲ್ಲ. ಯುಬಿಡಿಟಿ, ಬಿಐಇಟಿ, ಜೆಜೆಎಂ ಕಾಲೇಜಿನ ಹಾಸ್ಟೆಲಿನಲ್ಲಿ ಸ್ವಂತ ಯಂತ್ರ ಇಟ್ಟುಕೊಂಡವರು ಹೆಚ್ಚಾಗಿ ಈ ಗುಂಪಿಗೆ ಸೇರುತ್ತಾರೆ. ರೂಮ್‌ಮೇಟ್‌ಗೆ ಲ್ಯಾಪ್‌ಟಾಪ್ ಕೊಡುವ ಅಭ್ಯಾಸ ಇದ್ದರೆ ಸೇರುವುದಿಲ್ಲ.

ಆರಿಸಿ ಸಿಂಕ್ ಮಾಡುವುದು ಎರಡನೇ ದಾರಿ. ಯಾವುದು ಹೋಗಬೇಕು, ಯಾವುದು ಬೇಡ ಅಂತ ಒಂದೊಂದಕ್ಕೂ ಗುಂಡಿ ಇರುತ್ತದೆ. ನಮ್ಮೂರಿನ ಹೆಚ್ಚಿನ ಮನೆಗೂ ಅಂಗಡಿಗೂ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಪೂರ್ತಿ ಆಫ್ ಮೂರನೇದು. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಕಾಲೇಜಿನ ಲ್ಯಾಬ್ – ಇಲ್ಲಿ ಬೇರೆ ಮಾತೇ ಇಲ್ಲ.

ಒಂದೊಂದು ಗುಂಡಿಯೂ ಏನು ಮಾಡುತ್ತದೆ

ಬುಕ್‌ಮಾರ್ಕ್ ಆನ್ ಇರಲಿ. ಸೇವಾ ಸಿಂಧು, ಭೂಮಿ, ಜಿಎಸ್‌ಟಿ, ಸ್ಕಾಲರ್‌ಶಿಪ್ ಪೋರ್ಟಲ್ – ಇವುಗಳ ಸರಿಯಾದ ವಿಳಾಸ ಬುಕ್‌ಮಾರ್ಕ್‌ನಲ್ಲಿ ಇದ್ದರೆ ಪ್ರತಿ ಸಲ ಗೂಗಲ್‌ನಲ್ಲಿ ಹುಡುಕಿ, ಅದೇ ಥರ ಕಾಣುವ ನಕಲಿ ಪುಟಕ್ಕೆ ಬೀಳುವುದು ತಪ್ಪುತ್ತದೆ. ಅದರಲ್ಲಿ ಗುಟ್ಟೂ ಜಾಸ್ತಿ ಇರುವುದಿಲ್ಲ.

ಹಿಸ್ಟರಿ ಹಾಗಲ್ಲ. ಜನ ಇದನ್ನು ಹಗುರಾಗಿ ನೋಡುತ್ತಾರೆ. ರಾತ್ರಿ ಮೊಬೈಲಿನಲ್ಲಿ ಒಂದು ಕಾಯಿಲೆಯ ಹೆಸರು ಹುಡುಕಿರುತ್ತೀರಿ. ಬೆಳಿಗ್ಗೆ ಮನೆಯ ಲ್ಯಾಪ್‌ಟಾಪಿನಲ್ಲಿ ತಮ್ಮ ಏನೋ ಟೈಪ್ ಮಾಡಲು ಎರಡು ಅಕ್ಷರ ಒತ್ತಿದರೆ ವಿಳಾಸದ ಪಟ್ಟಿಯಲ್ಲಿ ಅದೇ ಪುಟ ಸಲಹೆಯಾಗಿ ಕೆಳಗೆ ಇಳಿಯುತ್ತದೆ. ಯಾರೂ ಬೇಕಂತ ಇಣುಕಿ ನೋಡಿದ್ದಲ್ಲ, ಬ್ರೌಸರೇ ತೋರಿಸಿತು ಅಷ್ಟೇ. ಹುಡುಗಿ ಕೆಲಸ ಬಿಡುವ ಯೋಚನೆಯಲ್ಲಿ ಬೇರೆ ಊರಿನ ಕೆಲಸ ಹುಡುಕಿದ್ದು, ಮಗ ಸಾಲದ ಆಪ್ ನೋಡಿದ್ದು, ಎಲ್ಲಾ ಹೀಗೇ ಹೊರಗೆ ಬರುತ್ತವೆ. ಯಂತ್ರ ಹಂಚಿಕೊಂಡ ಮನೆಯಲ್ಲಿ ಹಿಸ್ಟರಿ ಮತ್ತು ಓಪನ್ ಟ್ಯಾಬ್ಸ್ ಎರಡನ್ನೂ ಆಫ್ ಮಾಡಿ.

ಎಕ್ಸ್‌ಟೆನ್ಷನ್ ಸಿಂಕ್ ಆನ್ ಇದ್ದರೆ ಒಂದು ಕಂಪ್ಯೂಟರಿನಲ್ಲಿ ಯಾರೋ ಹಾಕಿದ ಕೂಪನ್ ಎಕ್ಸ್‌ಟೆನ್ಷನ್ ಇನ್ನೊಂದಕ್ಕೂ ಬಂದು ಕೂರುತ್ತದೆ. ಅದು ಕೆಟ್ಟದ್ದಾಗಿದ್ದರೆ ಎರಡು ಕಡೆ ಕೆಟ್ಟದ್ದು. ಹಳೇ ಲ್ಯಾಪ್‌ಟಾಪ್ ನಿಧಾನವಾಗುವುದೂ ಇದರಿಂದಲೇ ಎಷ್ಟೋ ಸಲ. ಕಾರ್ಡ್ ನಂಬರ್ ಬೇಡ, ಯುಪಿಐ ಇರುವಾಗ ಅದರ ಲಾಭ ಕಡಿಮೆ. ವಿಳಾಸ, ಥೀಮ್, ಸೆಟ್ಟಿಂಗ್ಸ್ – ನಿಮ್ಮಿಷ್ಟ.

ಪಾಸ್‌ವರ್ಡ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಸಿಂಕ್‌ನ ನಿಜವಾದ ಉಪಯೋಗವೂ ಇಲ್ಲೇ, ಅಪಾಯವೂ ಇಲ್ಲೇ. ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳುವುದಕ್ಕಿಂತ ಬ್ರೌಸರ್ ಕೊಡುವ ಉದ್ದನೆಯ ಪಾಸ್‌ವರ್ಡ್ ಸೇವ್ ಮಾಡಿಸಿ, ಸಿಂಕ್‌ನಲ್ಲಿ ಮೊಬೈಲಿಗೆ ತರಿಸಿಕೊಳ್ಳುವುದು ನೂರು ಪಾಲು ಮೇಲು. ಡೈರಿಯ ಕೊನೇ ಹಾಳೆಯಲ್ಲಿ ಬರೆದಿಡುವುದಕ್ಕಿಂತಲೂ ಮೇಲು. ತೊಂದರೆ ಬರುವುದು ಹಂಚಿಕೊಂಡ ಯಂತ್ರದಲ್ಲಿ. ಕ್ರೋಮ್‌ನಲ್ಲಿ ಸೇವ್ ಆದ ಪಾಸ್‌ವರ್ಡನ್ನು ತೆರೆದು ಓದಬೇಕೆಂದರೆ ವಿಂಡೋಸ್ ಪಿನ್ ಕೇಳುತ್ತದೆ. ಆದರೆ ಲಾಗಿನ್ ಪುಟದಲ್ಲಿ ಅದು ತಾನಾಗಿ ತುಂಬಿಕೊಂಡಿರುತ್ತದೆ, ಕೂತವರು ಎಂಟರ್ ಒತ್ತಿದರೆ ಸಾಕು. ವಿಂಡೋಸ್‌ಗೆ ಪಾಸ್‌ವರ್ಡೇ ಇಡದ ಯಂತ್ರಗಳು ಅಂಗಡಿಗಳಲ್ಲಿ ಬೇಕಾದಷ್ಟಿವೆ, ಅಲ್ಲಿ ಓದುವುದಕ್ಕೂ ಅಡ್ಡಿಯಿಲ್ಲ.

ಹಾಗಾದರೆ ಹಂಚಿಕೊಂಡ ಯಂತ್ರದಲ್ಲಿ ಪಾಸ್‌ವರ್ಡ್ ಸಿಂಕ್ ಬೇಡವೇ? ಮೊಬೈಲಿನಲ್ಲಿ ಇರಲಿ, ಆ ಯಂತ್ರದಲ್ಲಿ ಬೇಡ. ಕ್ರೋಮ್‌ನಲ್ಲಿ ಏನೇನು ಸಿಂಕ್ ಆಗಬೇಕು ಅನ್ನುವುದನ್ನು ಒಂದೊಂದು ಯಂತ್ರಕ್ಕೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಬಹುದು. ಫೈರ್‌ಫಾಕ್ಸ್‌ನಲ್ಲಿ ಹಾಗಲ್ಲ, ಒಂದು ಕಡೆ ಪಟ್ಟಿ ಬದಲಿಸಿದರೆ ಜೋಡಿಸಿದ ಎಲ್ಲಾ ಯಂತ್ರಗಳಲ್ಲೂ ಬದಲಾಗುತ್ತದೆ. ಬದಲಿಸಿದ ಮೇಲೆ ಮೊದಲೇ ಇಳಿದಿದ್ದ ಪಾಸ್‌ವರ್ಡ್ ಅಲ್ಲೇ ಉಳಿದಿದೆಯಾ ಅಂತ ಒಮ್ಮೆ ನೋಡಿ.

ಕ್ರೋಮ್

ಆಂಡ್ರಾಯ್ಡ್ ಫೋನಿನಲ್ಲಿ ಮೊದಲೇ ಇರುತ್ತದೆ, ಜಿಮೇಲ್ ಖಾತೆ ಎಲ್ಲರ ಹತ್ತಿರವೂ ಇದೆ. ಹಾಗಾಗಿ ಬಹಳ ಜನಕ್ಕೆ ಸಿಂಕ್ ಅಂದರೆ ಕ್ರೋಮೇ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದರೆ ಮೇಲೆಯೇ ಗೂಗಲ್ ಖಾತೆಯ ವಿಭಾಗ ಇದೆ, ಅದರೊಳಗೆ ಏನೇನು ಸಿಂಕ್ ಆಗಬೇಕು ಅನ್ನುವ ಪಟ್ಟಿ. ಮೆನುವಿನ ಹೆಸರುಗಳು ಆಗಾಗ ಬದಲಾಗುತ್ತಿರುತ್ತವೆ, ಅದಕ್ಕೆ ಗಾಬರಿ ಬೇಡ. ಮೊಬೈಲ್ ಕ್ರೋಮ್‌ನಲ್ಲಿ ಈಗ ಸಿಂಕ್ ಅಂತ ಬೇರೆ ಆನ್ ಮಾಡಬೇಕಿಲ್ಲ. ಸೈನ್ ಇನ್ ಆದರೆ ಬುಕ್‌ಮಾರ್ಕ್, ಪಾಸ್‌ವರ್ಡ್ ಖಾತೆಗೆ ಸೇರುತ್ತವೆ. ಹಿಸ್ಟರಿಗೂ ಟ್ಯಾಬ್‌ಗೂ ಬೇರೆಯಾಗಿ ಒಪ್ಪಿಗೆ ಕೇಳುತ್ತದೆ. ಆ ಪ್ರಶ್ನೆ ಬಂದಾಗ ಸುಮ್ನೆ ಎಸ್ ಒತ್ತಬೇಡಿ.

ಸೈನ್ ಇನ್ ಬೇರೆ, ಸಿಂಕ್ ಬೇರೆ ಅನ್ನುವ ಗೆರೆಯನ್ನು ಗೂಗಲ್ ಮೊದಲಿನಿಂದಲೂ ಸ್ವಲ್ಪ ಸ್ವಲ್ಪವೇ ಅಳಿಸುತ್ತಾ ಬಂದಿದೆ. 2018ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್ 69ರಲ್ಲಿ ಜಿಮೇಲ್‌ಗೆ ಲಾಗಿನ್ ಆದರೆ ಬ್ರೌಸರಿಗೂ ತಾನಾಗಿ ಸೈನ್ ಇನ್ ಆಗುವ ಹಾಗೆ ಮಾಡಿದರು. ಜನ ಗಲಾಟೆ ಮಾಡಿದ ಮೇಲೆ, ಮುಂದಿನ ಆವೃತ್ತಿಯಲ್ಲಿ ಅದನ್ನು ಬೇಡ ಅನ್ನಲು ಒಂದು ಗುಂಡಿ ಕೊಟ್ಟರು. ಅಲೋ ಕ್ರೋಮ್ ಸೈನ್-ಇನ್ ಅನ್ನುವ ಆ ಗುಂಡಿ ಈಗಲೂ ಇದೆ. ಜೆರಾಕ್ಸ್ ಅಂಗಡಿಯವರು ಮೊದಲು ಮಾಡಬೇಕಾದ ಕೆಲಸ ಅದನ್ನು ಆಫ್ ಮಾಡುವುದು.

ಸಿಂಕ್ ಆದ ಮಾಹಿತಿಯನ್ನು ಗೂಗಲ್ ಓದಬಹುದಾ? ಸರ್ವರ್‌ನಲ್ಲಿ ಅದು ಗೂಢಲಿಪಿಯಲ್ಲೇ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಇರುತ್ತದೆ, ಆದರೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದನ್ನು ಬಿಡಿಸುವ ಕೀಲಿ ನಿಮ್ಮೊಬ್ಬರ ಹತ್ತಿರ ಮಾತ್ರ ಇರುವುದಿಲ್ಲ. ಬೇಡ ಅನ್ನುವವರಿಗೆ ಸಿಂಕ್ ಪಾಸ್‌ಫ್ರೇಸ್ ಅಂತ ಬೇರೆ ಗುಟ್ಟಿನ ಸಾಲು ಇಡುವ ಆಯ್ಕೆ ಇದೆ. ಆಗ ಗೂಗಲ್‌ಗೂ ಓದಲು ಬರುವುದಿಲ್ಲ. ಇದಕ್ಕೆ ತೆರುವ ಬೆಲೆ ಏನೆಂದರೆ, ಪ್ರತಿ ಹೊಸ ಯಂತ್ರದಲ್ಲೂ ಅದನ್ನು ಟೈಪ್ ಮಾಡಬೇಕು. ಮರೆತರೆ ಸರ್ವರ್‌ನಲ್ಲಿರುವ ಸಿಂಕ್ ಮಾಹಿತಿ ಅಳಿಸಿ ಮೊದಲಿಂದ ಶುರು ಮಾಡಬೇಕು. ಗೂಗಲ್‌ನ ಪಾಸ್‌ವರ್ಡ್ ವೆಬ್ ಪುಟದಲ್ಲಿ ನಿಮ್ಮ ಪಾಸ್‌ವರ್ಡ್‌ಗಳು ಕಾಣುವುದಿಲ್ಲ. ಮರೆಯುವ ಸ್ವಭಾವ ಇದ್ದರೆ ಇದರ ತಂಟೆಗೆ ಹೋಗಬೇಡಿ.

ಇನ್ನೊಂದು ಗೊಂದಲ ಇದೆ. ಕ್ರೋಮ್ ಹಿಸ್ಟರಿ ಸಿಂಕ್ ಆಫ್ ಮಾಡಿದರೆ ಗೂಗಲ್ ನೆನಪಿಟ್ಟುಕೊಳ್ಳುವುದು ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ನೀವು ಗೂಗಲ್‌ನಲ್ಲಿ ಹುಡುಕಿದ್ದೆಲ್ಲಾ ವೆಬ್ ಅಂಡ್ ಆಪ್ ಆಕ್ಟಿವಿಟಿ ಅನ್ನುವ ಬೇರೆ ಜಾಗದಲ್ಲಿ ಸೇರುತ್ತದೆ. ಅದನ್ನು ಖಾತೆಯ ಸೆಟ್ಟಿಂಗ್‌ನಲ್ಲೇ ಆಫ್ ಮಾಡಬೇಕು.

ಕ್ರೋಮ್‌ನ ದೊಡ್ಡ ಅನುಕೂಲ ಪ್ರೊಫೈಲ್. ಮೇಲ್ಗಡೆ ಬಲಕ್ಕಿರುವ ದುಂಡನೆ ಚಿತ್ರ ಒತ್ತಿ ಮನೆಯವರಿಗೆಲ್ಲಾ ಒಂದೊಂದು ಪ್ರೊಫೈಲ್ ಮಾಡಿಕೊಡಿ. ಅವರವರ ಬುಕ್‌ಮಾರ್ಕ್, ಅವರವರ ಹಿಸ್ಟರಿ, ಅವರವರ ಸಿಂಕ್. ಅಮ್ಮನ ಪ್ರೊಫೈಲಿಗೆ ಬೇರೆ ಬಣ್ಣ ಕೊಟ್ಟರೆ ಗುರುತು ಸಿಗುತ್ತದೆ. ಒಂದು ಮಾತು ನೆನಪಿರಲಿ: ಪ್ರೊಫೈಲಿಗೆ ಬೀಗ ಇಲ್ಲ. ಕ್ಲಿಕ್ ಮಾಡಿದವರಿಗೆಲ್ಲಾ ತೆರೆಯುತ್ತದೆ. ಬೀಗ ಬೇಕಿದ್ದರೆ ವಿಂಡೋಸ್‌ನಲ್ಲೇ ಬೇರೆ ಬೇರೆ ಯೂಸರ್ ಮಾಡಿ, ಪಿನ್ ಇಡಿ.

ಫೈರ್‌ಫಾಕ್ಸ್

ಹಂಚಿಕೊಂಡ ಯಂತ್ರಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಎರಡು ಕಾರಣ ಇವೆ.

ಮೊದಲನೇದು, ಇಲ್ಲಿ ಸಿಂಕ್ ಮಾಹಿತಿ ನಿಮ್ಮ ಯಂತ್ರದಲ್ಲೇ ಗೂಢಲಿಪಿಯಾಗಿ ಆಮೇಲೆ ಸರ್ವರಿಗೆ ಹೋಗುತ್ತದೆ. ಯಾವ ಗುಂಡಿಯನ್ನೂ ಹುಡುಕಿ ಒತ್ತಬೇಕಿಲ್ಲ, ಮೊದಲಿನಿಂದಲೇ ಹಾಗೆ. ಮೊಜಿಲ್ಲಾದ ಹತ್ತಿರ ಅದನ್ನು ಬಿಡಿಸುವ ಕೀಲಿ ಇಲ್ಲ. 2007ರಲ್ಲಿ ವೀವ್ ಅನ್ನುವ ಪ್ರಯೋಗವಾಗಿ ಶುರುವಾಗಿ, 2011ರಲ್ಲಿ ಫೈರ್‌ಫಾಕ್ಸ್ 4ರೊಳಗೆ ಸೇರಿಕೊಂಡ ಸೌಲಭ್ಯ ಇದು.

ಎರಡನೇದು ಪ್ರೈಮರಿ ಪಾಸ್‌ವರ್ಡ್. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಇದನ್ನು ಇಟ್ಟರೆ, ಬ್ರೌಸರ್ ತೆರೆದ ಮೇಲೆ ಆ ಒಂದು ಪಾಸ್‌ವರ್ಡ್ ಹಾಕುವ ತನಕ ಸೇವ್ ಆದ ಯಾವ ಲಾಗಿನ್ನೂ ತುಂಬಿಕೊಳ್ಳುವುದಿಲ್ಲ. ಓದಲೂ ಬರುವುದಿಲ್ಲ. ಮಂಡಿಯ ಯಜಮಾನರಿಗೆ ಇದು ಹೇಳಿ ಮಾಡಿಸಿದ್ದು. ಕೆಲಸ ಮುಗಿದ ಮೇಲೆ ಫೈರ್‌ಫಾಕ್ಸನ್ನು ಪೂರ್ತಿ ಮುಚ್ಚಿ ಏಳಬೇಕು, ಯಾಕೆಂದರೆ ಒಮ್ಮೆ ಹಾಕಿದ ಪಾಸ್‌ವರ್ಡ್ ಮುಚ್ಚುವವರೆಗೂ ನಡೆಯುತ್ತದೆ.

ಎಡವುವ ಜಾಗವೂ ಇದೆ. ಮೊಜಿಲ್ಲಾ ಖಾತೆಯ ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದರೆ ಸರ್ವರಿನಲ್ಲಿದ್ದ ಹಳೇ ಸಿಂಕ್ ಮಾಹಿತಿ ಬಿಡಿಸಲು ಬರುವುದಿಲ್ಲ, ಹೋಯಿತು ಅಂತಲೇ ಲೆಕ್ಕ. ಯಾವುದಾದರೂ ಒಂದು ಯಂತ್ರದಲ್ಲಿ ಮಾಹಿತಿ ಉಳಿದಿದ್ದರೆ ಅಲ್ಲಿಂದ ಮತ್ತೆ ಮೇಲೇರುತ್ತದೆ. ಹಾಳಾದ ಫೋನ್ ಒಂದೇ ಇದ್ದವರಿಗೆ ಏನೂ ಸಿಗುವುದಿಲ್ಲ. ಇದಕ್ಕೇ ಅಂತ ರಿಕವರಿ ಕೀ ಕೊಡುತ್ತಾರೆ. ಖಾತೆ ಮಾಡಿದ ದಿನವೇ ಅದನ್ನು ತಗೊಂಡು, ಪ್ರಿಂಟ್ ಹಾಕಿ, ಮನೆಯ ಕಾಗದಪತ್ರದ ಜೊತೆ ಬೀರುವಿನಲ್ಲಿ ಇಡಿ.

ಕಂಪ್ಯೂಟರನ್ನೂ ಮೊಬೈಲನ್ನೂ ಸೇರಿಸಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು. ಒಂದು ಕಡೆ ಓದುತ್ತಿದ್ದ ಪುಟವನ್ನು ಇನ್ನೊಂದು ಕಡೆಗೆ ಕಳಿಸುವ ಸೌಲಭ್ಯವೂ ಚೆನ್ನಾಗಿದೆ. ಪ್ರೊಫೈಲ್ ಮಾತ್ರ ಬಹಳ ವರ್ಷ ಒಳಗೆಲ್ಲೋ ಅಡಗಿತ್ತು, 2025ರಿಂದ ಹಂತ ಹಂತವಾಗಿ ಮೆನುವಿಗೆ ತಂದಿದ್ದಾರೆ. ಇದರಲ್ಲಿ ಕ್ರೋಮ್ ಇನ್ನೂ ಸಲೀಸು ಅಂತ ಒಪ್ಪಬೇಕು. ಮೆನು ಕನ್ನಡದಲ್ಲಿ ಬೇಕು ಅನ್ನುವವರಿಗೆ ಎರಡರಲ್ಲೂ ಸಿಗುತ್ತದೆ.

ಎಡ್ಜ್, ಬ್ರೇವ್, ಸಫಾರಿ

ಎಡ್ಜ್ ವಿಂಡೋಸ್ ಜೊತೆಗೇ ಬರುತ್ತದೆ. ವಿಂಡೋಸ್‌ಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಎಡ್ಜ್ ಕೂಡ ಅದೇ ಖಾತೆ ಹಿಡಿದಿರುತ್ತದೆ. ನಾನು ಎಡ್ಜ್ ಮುಟ್ಟುವುದೇ ಇಲ್ಲ ಅನ್ನುವವರೂ ಒಮ್ಮೆ ತೆರೆದು ಸಿಂಕ್ ಪುಟ ನೋಡಿ. ಕೆಲಸದಲ್ಲಿ ಕ್ರೋಮ್‌ಗಿಂತ ಕಡಿಮೆಯೇನೂ ಇಲ್ಲ, ಆದರೆ ಮೊಬೈಲಿನಲ್ಲಿ ಎಡ್ಜ್ ಹಾಕಿಕೊಳ್ಳದವರಿಗೆ ಇದರ ಸಿಂಕ್‌ನಿಂದ ಏನು ಪ್ರಯೋಜನ?

ಬ್ರೇವ್‌ನದ್ದು ಬೇರೆಯೇ ದಾರಿ. ಖಾತೆಯೇ ಇಲ್ಲ, ಇಮೇಲ್ ಕೇಳುವುದಿಲ್ಲ. ಒಂದು ಯಂತ್ರದಲ್ಲಿ ಸಿಂಕ್ ಚೈನ್ ಶುರು ಮಾಡಿ, ಕ್ಯೂಆರ್ ಕೋಡ್ ಇಲ್ಲವೇ 25 ಪದಗಳ ಕೋಡ್‌ನಿಂದ ಇನ್ನೊಂದನ್ನು ಸೇರಿಸಬೇಕು. ಗೂಢಲಿಪಿ ಇಲ್ಲೂ ನಿಮ್ಮ ಯಂತ್ರದಲ್ಲೇ ಆಗುತ್ತದೆ. ಕೋಡ್‌ಗೆ ಅವಧಿ ಇದೆ, ಹಾಗಾಗಿ ಚೀಟಿಯಲ್ಲಿ ಬರೆದಿಟ್ಟು ವರ್ಷದ ಮೇಲೆ ಹಾಗೇ ಬಳಸುವ ಲೆಕ್ಕ ನಡೆಯುವುದಿಲ್ಲ. ಪಾಸ್‌ವರ್ಡ್ ಮರೆತೆ ಅಂತ ದೂರು ಕೊಡಲು ಎದುರಿಗೆ ಯಾರೂ ಇಲ್ಲ. ಜೊತೆಗಿರುವ ಯಂತ್ರಗಳೆಲ್ಲಾ ಕೈ ಬಿಟ್ಟರೆ ಮಾಹಿತಿಯೂ ಕೈ ಬಿಟ್ಟ ಹಾಗೆ. ಗೂಗಲ್ ಖಾತೆಯ ಸಿಂಕನ್ನು ಕ್ರೋಮಿಯಂನಿಂದ (ಕ್ರೋಮ್‌ಗೂ ಬ್ರೇವ್‌ಗೂ ಬುನಾದಿಯಾದ ಮುಕ್ತ ಕೋಡ್) ಕಟ್ಟಿದ ಬೇರೆ ಬ್ರೌಸರ್‌ಗಳಲ್ಲಿ ಬಳಸುವ ದಾರಿಯನ್ನು ಗೂಗಲ್ 2021ರ ಮಾರ್ಚ್ 15ರಿಂದ ಮುಚ್ಚಿದೆ. ಕ್ರೋಮ್‌ನದ್ದು ಬ್ರೇವ್‌ಗೆ ಬರಬೇಕೆಂದರೆ ಒಮ್ಮೆ ಇಂಪೋರ್ಟ್ ಮಾಡಿಕೊಳ್ಳಬೇಕು, ದಿನಾ ತಾನಾಗಿ ಬರುವುದಿಲ್ಲ.

ಐಫೋನ್, ಮ್ಯಾಕ್ ಎರಡೂ ಇರುವವರಿಗೆ ಸಫಾರಿ ಸಾಕು. ಹಿಸ್ಟರಿ, ಟ್ಯಾಬ್, ಪಾಸ್‌ವರ್ಡ್ ಆಪಲ್‌ಗೂ ಓದಲು ಬರುವುದಿಲ್ಲ. ಬುಕ್‌ಮಾರ್ಕ್‌ಗೆ ಅದೇ ರಕ್ಷಣೆ ಬೇಕಿದ್ದರೆ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಬೇಕು. ಮನೆಯಲ್ಲಿ ಆಂಡ್ರಾಯ್ಡ್ ಇದ್ದರೆ ಅದಕ್ಕೆ ಸಫಾರಿ ಇಲ್ಲ, ಮಾತು ಮುಗೀತು.

ಯಾರಿಗೆ ಯಾವುದು

ಮಂಡಿಪೇಟೆಯ ಅಂಗಡಿಯಲ್ಲಾಗಲಿ, ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಾಗಲಿ ಈ ಮಾತು ತೆಗೆದರೆ ಸಿಗುವ ಉತ್ತರ ಒಂದೇ: “ನಮ್ದೇನು ಗುಟ್ಟು ಐತ್ರೀ, ಎಲ್ಲಾ ಆನ್ ಇರ್ಲಿ ಬಿಡ್ರೀ.” ಗುಟ್ಟಿನ ಮಾತು ಆಮೇಲೆ ಇರಲಿ. ಯಜಮಾನರ ಸ್ವಂತ ಜಿಮೇಲ್ ಅಂಗಡಿಯ ಕ್ರೋಮ್‌ನಲ್ಲಿ ಸಿಂಕ್ ಆಗಿದ್ದರೆ ಮನೆಯ ಬ್ಯಾಂಕ್ ಪಾಸ್‌ವರ್ಡೂ ಅಂಗಡಿಗೆ ಬಂದು ಕೂತಿರುತ್ತದೆ. ಅಂಗಡಿಗೆ ಅಂತಲೇ ಒಂದು ಜಿಮೇಲ್ ಮಾಡಿ, ಅದಕ್ಕೊಂದು ಪ್ರೊಫೈಲ್ ಮಾಡಿ, ಬುಕ್‌ಮಾರ್ಕ್ ಮಾತ್ರ ಸಿಂಕ್ ಇಡಿ. ಗುಮಾಸ್ತರು ಕೆಲಸ ಬಿಟ್ಟ ದಿನ ಆ ಒಂದು ಖಾತೆಯ ಪಾಸ್‌ವರ್ಡ್ ಬದಲಿಸಿ, ಜಿಎಸ್‌ಟಿ ಲಾಗಿನ್‌ನದ್ದೂ ಬದಲಿಸಿದರೆ ಹೆಚ್ಚಿನ ಕೆಲಸ ಮುಗಿದ ಹಾಗೆ.

ಆಫೀಸಿನ ಯಂತ್ರದಲ್ಲಿ ಸ್ವಂತ ಖಾತೆ ಹಾಕುವವರಿಗೆ ಎರಡು ಸಂಗತಿ. 2022ರಲ್ಲಿ ಸಿಸ್ಕೋ ಕಂಪನಿಗೆ ಹ್ಯಾಕರ್‌ಗಳು ನುಗ್ಗಿದ್ದು ಒಬ್ಬ ನೌಕರನ ಸ್ವಂತ ಗೂಗಲ್ ಖಾತೆಯ ಮೂಲಕ. ಅವನ ಬ್ರೌಸರಿನಲ್ಲಿ ಸೇವ್ ಆದ ಕಂಪನಿ ಪಾಸ್‌ವರ್ಡ್ ಆ ಖಾತೆಗೆ ಸಿಂಕ್ ಆಗಿತ್ತು. 2023ರಲ್ಲಿ ಓಕ್ಟಾ ಕಂಪನಿಯಲ್ಲೂ ಇದೇ ಕಥೆ: ಕಂಪನಿಯ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ನೌಕರ ಸ್ವಂತ ಖಾತೆಗೆ ಸೈನ್ ಇನ್ ಆಗಿದ್ದ, ಕಂಪನಿಯ ಪಾಸ್‌ವರ್ಡ್ ಅಲ್ಲಿ ಸೇವ್ ಆಗಿತ್ತು. ಲಾಗಿನ್ ಭದ್ರತೆಯನ್ನೇ ಮಾರುವ ಕಂಪನಿ ಅದು! ಕೆಲಸದ ಯಂತ್ರಕ್ಕೆ ಕೆಲಸದ ಖಾತೆ, ಸ್ವಂತದ್ದು ಮೊಬೈಲಿನಲ್ಲಿ.

ವಿದ್ಯಾರ್ಥಿಗಳು ಕಾಲೇಜು ಕೊಟ್ಟ ಇಮೇಲ್ ಖಾತೆಯಲ್ಲಿ ಸಿಂಕ್ ಮಾಡಬೇಡಿ. ಕೋರ್ಸ್ ಮುಗಿದ ಮೇಲೆ ಆ ಖಾತೆಯನ್ನು ಕಾಲೇಜು ಯಾವಾಗ ಬೇಕಾದರೂ ಮುಚ್ಚಬಹುದು, ಸೇರಿಸಿಟ್ಟದ್ದೆಲ್ಲಾ ಅದರ ಜೊತೆ ಹೋಗುತ್ತದೆ. ಸ್ವಂತ ಖಾತೆಯಲ್ಲಿ ಎಲ್ಲಾ ಆನ್, ಕಾರ್ಡ್ ಮಾತ್ರ ಆಫ್ – ಸ್ವಂತ ಯಂತ್ರ ಇರುವ ವಿದ್ಯಾರ್ಥಿಗೆ ಇದು ಸಾಕು.

ಮನೆಯವರೆಲ್ಲಾ ಬಳಸುವ ಲ್ಯಾಪ್‌ಟಾಪಿಗೆ ಕ್ರೋಮ್ ಪ್ರೊಫೈಲ್ ಒಂದು ದಾರಿ, ಹಿಸ್ಟರಿ ಆಫ್ ಮಾಡಿ. ಬೇಕಾದ ಪಾಸ್‌ವರ್ಡ್ ಆ ಯಂತ್ರದಲ್ಲೇ ಇರಲೇಬೇಕು ಅನ್ನುವವರು ಫೈರ್‌ಫಾಕ್ಸ್ ಹಾಕಿ ಪ್ರೈಮರಿ ಪಾಸ್‌ವರ್ಡ್ ಇಡಿ.

ಸಿಇಟಿ ಅರ್ಜಿ ತುಂಬಲು, ಸ್ಕಾಲರ್‌ಶಿಪ್ ಅರ್ಜಿ ಪ್ರಿಂಟ್ ತೆಗೆಯಲು ಅಂಗಡಿಗೆ ಹೋದಾಗ ಗೆಸ್ಟ್ ವಿಂಡೋ ತೆರೆಯಲು ಹೇಳಿ. ದುಂಡನೆ ಚಿತ್ರ ಒತ್ತಿದರೆ ಕೆಳಗೆ ಗೆಸ್ಟ್ ಅಂತ ಇರುತ್ತದೆ. ಮುಚ್ಚಿದ ಕೂಡಲೇ ಹಿಸ್ಟರಿ, ಲಾಗಿನ್ ಎಲ್ಲಾ ಅಳಿಯುತ್ತದೆ, ಡೌನ್‌ಲೋಡ್ ಆದ ಫೈಲ್ ಮಾತ್ರ ಉಳಿಯುತ್ತದೆ. ಆಧಾರ್, ಅಂಕಪಟ್ಟಿ ಇಳಿಸಿಕೊಂಡಿದ್ದರೆ ನಿಂತು ಅಳಿಸಿಸಿಯೇ ಬನ್ನಿ. ನಾಚಿಕೆ ಪಡಬೇಡಿ.

ಬಿಟ್ಟು ಬರುವಾಗ

ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಡುವಾಗ, ಲ್ಯಾಪ್‌ಟಾಪ್ ಮಾರುವಾಗ ಕ್ರಮ ಮುಖ್ಯ. ಮೊದಲು ಆ ಯಂತ್ರದಲ್ಲೇ ಸಿಂಕ್ ಆಫ್ ಮಾಡಿ. ಆಫ್ ಮಾಡುವಾಗ ಈ ಯಂತ್ರದ ಮಾಹಿತಿಯನ್ನೂ ಅಳಿಸಬೇಕೇ ಅಂತ ಕೇಳಿದರೆ ಹೌದು ಅನ್ನಿ. ಸಿಂಕ್ ಆನ್ ಇದ್ದಾಗಲೇ ಬುಕ್‌ಮಾರ್ಕ್‌ಗಳನ್ನು ಕೈಯಿಂದ ಒಂದೊಂದಾಗಿ ಅಳಿಸಲು ಹೋದರೆ ಹೊಸ ಫೋನಿನಲ್ಲೂ ಅಳಿಯುತ್ತವೆ, ಹುಷಾರು. ಆಮೇಲೆ ಫ್ಯಾಕ್ಟರಿ ರೀಸೆಟ್.

ಯಂತ್ರ ಆಗಲೇ ಕೈ ಬಿಟ್ಟಿದ್ದರೆ ಖಾತೆಯ ಸೆಕ್ಯುರಿಟಿ ಪುಟದಲ್ಲಿ ನಿಮ್ಮ ಯಂತ್ರಗಳ ಪಟ್ಟಿ ಇದೆ. ಅಲ್ಲಿಂದ ಸೈನ್ ಔಟ್ ಮಾಡಿದರೆ ಇನ್ನು ಮುಂದೆ ಹೊಸ ಮಾಹಿತಿ ಅಲ್ಲಿಗೆ ಹೋಗುವುದಿಲ್ಲ. ಆದರೆ ಮೊದಲೇ ಇಳಿದದ್ದು ಆ ಯಂತ್ರದ ಒಳಗೆ ಉಳಿದಿರಬಹುದು. ಹಾಗಾಗಿ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಸಾಲದು, ಬ್ರೌಸರಿನಲ್ಲಿ ಸೇವ್ ಆಗಿದ್ದ ಬ್ಯಾಂಕ್, ಇಮೇಲ್, ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನೂ ಒಂದೊಂದಾಗಿ ಬದಲಿಸಬೇಕು. ಇಮೇಲ್‌ನಿಂದಲೇ ಶುರು ಮಾಡಿ, ಉಳಿದ ಎಲ್ಲದರ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ ಅಲ್ವಾ.